ದೌರ್ಬಲ್ಯದ ಜಾಗ ಖಾಲಿ ಇತ್ತು

ನಾನು ಯಾವ ಕೆಲಸಕ್ಕಾದರೂ ಅಚ್ಚುಕಟ್ಟಾಗಿ ಯೋಜನೆ ಹಾಕಿದೆ ಎಂದರೆ ಅದು ನಗೆಪಾಟಲಾಗುವುದು ಖಾತ್ರಿ. ಮಸ್ಕಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಜಾತಕ, ಶಕುನ ಯಾವುದನ್ನೂ ನಂಬುವವಳಲ್ಲ. ಅಂಥವಳು ಹೋಗಿ ಹೋಗಿ ಭವಿಷ್ಯ ಹೇಳುವವರ ಆಟ ಕಟ್ಟಲು ಕುಳಿತೆ.

ಆಟ ಇಷ್ಟೇ: ಮೇಜಿನ ಸುತ್ತ ಕುಳಿತು ಕಥೆ ಕಟ್ಟುವುದು. ಒಬ್ಬೊಬ್ಬರಿಗೆ ಒಂದೊಂದು ಪಾತ್ರ, ದಾಳ ಬಿದ್ದಂತೆ ಕಥೆ ಮುಂದಕ್ಕೆ. ನಾನು ಕಟ್ಟಿದ್ದು ಕಣಿ ಹೇಳುವವರೇ ಆಳುವ ಒಂದು ಊರು. ಹಾಗಾಗಿ ಪ್ರತಿ ಪಾತ್ರಕ್ಕೂ ಒಂದು ಹಾಳೆ: ಹೆಸರು, ವಯಸ್ಸು, ಎತ್ತರ, ನಕ್ಷತ್ರ, ರಾಶಿ, ವೃತ್ತಿ, ಬಲ, ದೌರ್ಬಲ್ಯ. ಎಲ್ಲ ಜಾಗ ತುಂಬದೆ ಆಟ ಶುರುವಿಲ್ಲ ಎಂದು ಮೊದಲೇ ಹೇಳಿದ್ದೆ. ಟೀಚರ್ ಬುದ್ಧಿ, ಎಲ್ಲಿ ಹೋಗುತ್ತದೆ?

ನಾವು ಸೇರುತ್ತಿದ್ದುದು ಸಿಂಧನೂರಿನ ಒಂದು ಬೀಜ-ಗೊಬ್ಬರದ ಅಂಗಡಿಯ ಮೇಲಿನ ಕೋಣೆಯಲ್ಲಿ. ಅಂಗಡಿಯವರೂ ನಮ್ಮ ಆಟದವರೇ. ವಯಸ್ಸು ಮೂವತ್ಮೂರು, ಇನ್ನೂ ಮದುವೆಯಿಲ್ಲ. ಕೋಣೆಯ ಕೀಲಿ ಮಾತ್ರ ಅವರ ಅವ್ವನ ಸೊಂಟದಲ್ಲಿ. ದಾಳ ಕಂಡ ಕೂಡಲೇ ಆ ತಾಯಿ ಇದು ಜೂಜೆಂದು ತೀರ್ಮಾನಿಸಿದರು.

“ಮೂರು ಐತವಾರ ನೋಡ್ತೀನಿ. ಅಷ್ಟರಾಗ ನಿಮ್ಮ ಆಟ ಶುರುವಾಗಿ ಅದೇನಂತ ನನಗ ತಿಳೀಲಿಲ್ಲ ಅಂದ್ರ, ಕೋಣ್ಯಾಗ ಭತ್ತದ ಬೀಜದ ಚೀಲ ಇಡಸ್ತೀನಿ.”

ನನಗೆ ನಿಜಕ್ಕೂ ದಿಗಿಲಾಯಿತು. ವಾರವೆಲ್ಲ ತ್ರಿಕೋನ ಬರೆಸಿ ಸಾಕಾದವಳಿಗೆ ಉಳಿದದ್ದು ಈ ಭಾನುವಾರವೊಂದೇ, ಈ ಕೋಣೆಯೊಂದೇ.

ಕೊರತೆಯಿಲ್ಲದ ವೀರ

ಅಂಗಡಿಯವರು ವೀರಭಟನ ಪಾತ್ರ ಆರಿಸಿಕೊಂಡರು. ಬಲದ ಜಾಗದಲ್ಲಿ ಹದಿನಾರು ಗುಣ ಬರೆದು ಅಂಚಿಗೂ ಎರಡು ಸೇರಿಸಿದರು. ದೌರ್ಬಲ್ಯದ ಜಾಗ ಖಾಲಿ.

“ಒಂದಾದರೂ ಬರೀರಿ” ಎಂದೆ.

“ಇಲ್ರೀ ಟೀಚರ್. ನಾ ವ್ಯಾಪಾರಸ್ಥ. ಬೀಜದ ಚೀಲದ ಮ್ಯಾಲೆ ಮೊಳಕಿ ಎಷ್ಟು, ಇಳುವರಿ ಎಷ್ಟು ಅಂತ ಇರ್ತೈತಿ. ದೌರ್ಬಲ್ಯ ಬರದದ್ದು ಎಲ್ಲ್ಯರ ನೋಡೀರೇನು?”

ಪಟ್ಟಿ ಕಟ್ಟದ ನರ್ಸ್

ಲಿಂಗಸುಗೂರಿನಿಂದ ಬರುವ ನರ್ಸ್ ಬಹಳ ಮೆದು ಮಾತಿನ ಹುಡುಗಿ. ಅವರಿಗೆಂದೇ ಗಾಯ ವಾಸಿ ಮಾಡುವ ವೈದ್ಯೆಯ ಪಾತ್ರ ಮೀಸಲಿಟ್ಟಿದ್ದೆ. ಹಾಳೆಯನ್ನು ನಿಧಾನಕ್ಕೆ ನನ್ನ ಕಡೆಗೇ ಸರಿಸಿದರು.

“ವಾರಪೂರ್ತಿ ಅದನ್ನ ಮಾಡ್ತೀನ್ರೀ. ಐತವಾರಾನೂ ಪಟ್ಟಿ ಕಟ್ಟಲೇನು? ನನಗ ಗಾಯ ಮಾಡಾಕಿ ಪಾತ್ರ ಕೊಡ್ರಿ.”

ಹೀಗೆ ದರೋಡೆಗಾರ್ತಿ ನೀಲವ್ವ ಹುಟ್ಟಿದಳು. ರೋಗಿಯ ಕೇಸ್ ಶೀಟಿನಷ್ಟೇ ನೀಟಾಗಿ ಐದೇ ನಿಮಿಷದಲ್ಲಿ ಹಾಳೆ ತುಂಬಿತು. ಕತ್ತಿ ಎಂಥದು ಬೇಕೆಂದು ಕೇಳಿದೆ. ನರ್ಸ್ ಸ್ವಲ್ಪ ಯೋಚಿಸಿ, “ಯಾವುದರ ಇರ್ಲ್ರೀ, ತುಕ್ಕು ಹಿಡದಿದ್ದು ಮಾತ್ರ ಬ್ಯಾಡ” ಎಂದರು.

ಹಿಂದಿನ ಬಸ್ಸು

ನಾಲ್ಕನೆಯವರು ಕಂಡಕ್ಟರ್; ನರ್ಸ್ ಮತ್ತು ನಾನು ಓಡಾಡುವ ಬಸ್ಸು ಅವರದು. ಕಣಿ ಹೇಳುವವರ ಪಾತ್ರವನ್ನು ಅವರೇ ಕೇಳಿ ಪಡೆದಿದ್ದರು. ಒಂದು ಸಲ ಅಭ್ಯಾಸ ಮಾಡಿ ಎಂದೆ. ಅಂಗಡಿಯವರು ನರ್ಸ್ ಕಡೆ ನೋಡದಂತೆ ನೋಡಿ, “ನನಗ ಮದುವಿ ಯೋಗ ಐತೇನ್ರಿ?” ಎಂದು ಕೇಳಿದರು.

ಕಂಡಕ್ಟರ್ ಕಣ್ಣು ಮುಚ್ಚಿದರು. ತುಟಿ ಅಲುಗಿತು. ಒಂದು ಕೈ ಗಂಟೆಯ ಹಗ್ಗ ಹುಡುಕುತ್ತ ತಾನಾಗಿ ಮೇಲೆದ್ದಿತು.

“ಇದು ತುಂಬೇತ್ರಿ. ಹಿಂದ ಇನ್ನೊಂದು ಖಾಲಿ ಬರಾಕತ್ತೈತಿ, ಅದಕ್ಕ ಹತ್ರಿ.”

ವಿಭೂತಿ ದಾಳ

ಎರಡನೆಯ ಭಾನುವಾರ ಅಮಾವಾಸ್ಯೆ ಬಿತ್ತು. ಆ ದಿನ ಅಂಗಡಿಯಲ್ಲಿ ತಕ್ಕಡಿ, ಬೈಕು, ಬಿಲ್ ಮಷೀನು ಎಲ್ಲಕ್ಕೂ ಪೂಜೆ. ಅಂಗಡಿಯವರು ಭಕ್ತಿಯಿಂದ ನನ್ನ ಇಪ್ಪತ್ತು ಮುಖದ ದಾಳವನ್ನೂ ಸಾಲಿನಲ್ಲಿಟ್ಟು, ಇಪ್ಪತ್ತೂ ಮುಖಕ್ಕೆ ವಿಭೂತಿ ಹಚ್ಚಿಬಿಟ್ಟಿದ್ದರು. ಕೊರೆದ ಅಂಕಿಗಳೆಲ್ಲ ಮುಚ್ಚಿಹೋಗಿದ್ದವು. ಹೇಗೆ ಹಾಕಿದರೂ ವಿಭೂತಿಯೇ ಬೀಳುತ್ತಿತ್ತು.

“ತೊಳೀರಿ” ಎಂದೆ.

“ಪೂಜಿ ಮಾಡಿದ್ದು ಇವತ್ತ ತೊಳೀಬಾರದ್ರೀ.”

ನರ್ಸ್ ಚೀಲದಿಂದ ಹತ್ತಿ, ಸ್ಪಿರಿಟ್ ತೆಗೆದರು. “ನೀವು ಆ ಕಡೆ ತಿರಗ್ರಿ. ಒಂದ ನಿಮಿಷ, ಏನೂ ಆಗಂಗಿಲ್ಲ.”

ವೀರಭಟರು ಗೋಡೆಯ ಕಡೆ ತಿರುಗಿ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಅಭ್ಯಾಸಬಲದಿಂದ ಅಂಗಿಯ ತೋಳನ್ನೂ ಮೇಲೇರಿಸಿದರು.

ಮೂವತ್ತೊಂದು ಗುಣ

ಮೂರನೆಯ ಭಾನುವಾರ ಬಂತು. ಅಂಗಡಿಯವರ ದೌರ್ಬಲ್ಯದ ಜಾಗ ಇನ್ನೂ ಖಾಲಿ, ಆಟ ಇನ್ನೂ ಶುರುವಿಲ್ಲ. ಕೆಳಗೆ ಟ್ರಾಕ್ಟರ್‌ನಿಂದ ಚೀಲ ಇಳಿಸುವ ಸದ್ದು. ಅವ್ವ ಮೆಟ್ಟಿಲು ಹತ್ತಿ ಬಂದಾಗ ನಮ್ಮ ಕಥೆ ಮುಗಿಯಿತೆಂದುಕೊಂಡೆ. ನೋಡಿದರೆ ಅವರ ಕೈಯಲ್ಲಿ ನಮ್ಮದೇ ಒಂದು ಹಾಳೆ.

“ಟೀಚರ್, ಈ ನೀಲವ್ವ ಯಾವ ಊರಾಕಿ?”

ಹಾಳೆಗಳನ್ನು ನಾವು ಅಂಗಡಿಯ ಗಲ್ಲಾದಲ್ಲಿಟ್ಟು ಹೋಗುತ್ತಿದ್ದೆವು. ಹೆಣ್ಣಿನ ಹೆಸರು, ವಯಸ್ಸು, ಎತ್ತರ, ನಕ್ಷತ್ರ, ರಾಶಿ ಇರುವ ಹಾಳೆ ಮಗನ ಗಲ್ಲಾದಲ್ಲಿ ಸಿಕ್ಕರೆ ಯಾವ ತಾಯಿ ಸುಮ್ಮನಿರುತ್ತಾಳೆ?

“ನಾಚಿ ಮುಚ್ಚಿಟ್ಟಾನ ಅಂದ್ಕೊಂಡು ಮುದಗಲ್‌ಗೆ ಹೋಗಿ ಜಾತಕ ಕೂಡಿಸ್ಕೊಂಡು ಬಂದೀನಿ. ಮೂವತ್ತಾರರಾಗ ಮೂವತ್ತೊಂದು ಗುಣ! ಹುಡುಗಿ ಬಂಗಾರ ಅಂದ್ರು ಶಾಸ್ತ್ರಿಗಳು. ವೃತ್ತಿ ದರೋಡೆ ಅಂತ ಬರದೈತಿ, ಅದೊಂದು ವಿಚಾರಸ್ರಿ ಅಂದ್ರು. ಇರ್ಲಿ ಬಿಡ್ರಿ, ದುಡಿಯೋ ಹುಡುಗಿ ಅಂದೆ ನಾ.”

ನೀಲವ್ವ ಎಂಬಾಕೆ ಇಲ್ಲ, ಅವಳು ಆಟದ ಪಾತ್ರ ಎಂದು ನಾನು ತಡವರಿಸುತ್ತ ತಿಳಿಸಿ ಹೇಳಿದೆ. ಅವ್ವ ಕುರ್ಚಿಯ ಮೇಲೆ ಕುಸಿದು ಕುಳಿತರು.

“ಏಳು ವರ್ಷದಾಗ ಮೊದಲನೇ ಸಲ ಜಾತಕ ಕೂಡೇತಿ. ಈಗ ಹುಡುಗಿನ ಇಲ್ಲ ಅಂತೀರಲ್ರೀ!”

ನನಗೆ ಕೋಣೆ ಹೋದದ್ದಕ್ಕಿಂತ ಅವರ ಮುಖ ನೋಡಿಯೇ ಸಂಕಟವಾಯಿತು. ಆಗ ನರ್ಸ್ ಸಣ್ಣ ದನಿಯಲ್ಲಿ, “ಹೆಸರು, ದರೋಡಿ ಅಷ್ಟ ಸುಳ್ಳರೀ ಅವ್ವಾರ. ವಯಸ್ಸು, ನಕ್ಷತ್ರ, ರಾಶಿ ಎಲ್ಲಾ ನಂದ. ಹೊಸಾದು ಹುಡುಕಾಕ ಬ್ಯಾಸರಾತು, ನಂದ ಬರದೆ” ಎಂದರು.

ಅಂಗಡಿಯವರ ಕಿವಿ ಕೆಂಪಗಾಗಿತ್ತು. ಅವರ ಕಡೆ ಬಾಗಿ ಕಂಡಕ್ಟರ್, “ಬಂತ್ರೀ, ಹತ್ರಿ” ಎಂದು ಪಿಸುಗುಟ್ಟಿದರು.

ಅವ್ವ ಸೊಂಟದ ಕೀಲಿ ಬಿಚ್ಚಿ ಮೇಜಿನ ಮೇಲಿಟ್ಟರು. “ಆಟ ಲಗೂನ ಮುಗಸಬ್ಯಾಡ್ರಿ. ನಮ್ಮ ಹುಡುಗನ ಹಾಳ್ಯಾಗ ಏನು ಬರದೈತಿ, ಓದ್ರಿ.”

ಹದಿನೆಂಟು ಬಲಗಳನ್ನೂ ಓದಿದೆ. “ದೌರ್ಬಲ್ಯ ಒಂದು ಖಾಲಿ ಐತ್ರೀ ಅವ್ವಾರ. ಅದು ತುಂಬಿದ್ರ ಆಟ ಶುರು.”

“ಖಾಲಿ?” ಅವ್ವ ಮಗನನ್ನು ಮೇಲಿಂದ ಕೆಳಗೆ ನೋಡಿದರು. “ಬರಕೊಳ್ರಿ. ಮಧ್ಯಾಹ್ನ ಉಂಡು ಮಲಗಿದ್ರ ಅಂಗಡಿ ಹೊತ್ಕೊಂಡು ಹೋದ್ರೂ ಏಳಂಗಿಲ್ಲ. ಹಲ್ಲಿ ಕಂಡ್ರ ಕುರ್ಚಿ ಹತ್ತತಾನ. ಸಾರಿನಾಗ ಉಪ್ಪು ಕಮ್ಮಿ ಇದ್ರ ಎರಡು ದಿನ ಮಾತಾಡಂಗಿಲ್ಲ. ಇನ್ನ ಗೊರಕಿ...”

“ಯವ್ವಾ, ಸಾಕು ಬೇ!” ವೀರಭಟರು ಕೈ ಮುಗಿದರು.

ನರ್ಸ್ ತಲೆ ಎತ್ತಲಿಲ್ಲ. ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು, ಕೇಸ್ ಶೀಟಿನಷ್ಟೇ ನೀಟಾಗಿ ಒಂದೊಂದಕ್ಕೂ ಅಂಕಿ ಹಾಕಿ ಬರೆಯುತ್ತಿದ್ದರು.

“ಸ್ವಲ್ಪ ನಿಧಾನಕ್ಕ ಹೇಳ್ರೀ ಅವ್ವಾರ,” ಎಂದರು. “ಟೀಚರ್, ಇನ್ನೊಂದು ಹಾಳಿ ಕೊಡ್ರಿ.”