ಮೂರು ಪ್ಯಾಂಟು, ಒಂದು ತಕ್ಕಡಿ

ತೂಕಕ್ಕೆ ಸಿಗದ ವಸ್ತು ಭೂಮಿಯ ಮೇಲೆ ಯಾವುದೂ ಇಲ್ಲ ಎಂಬುದು ತಕ್ಕಡಿ ಸಾಹೇಬರ ಅಚಲ ನಂಬಿಕೆ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷ ಅಂಗಡಿಯವರ ತಕ್ಕಡಿ ತಪಾಸಣೆ ಮಾಡಿ ಗಳಿಸಿದ ಅಡ್ಡಹೆಸರು ಅದು. ಆ ದಿನ ಮಧ್ಯಾಹ್ನ ಹನ್ನೆರಡಕ್ಕೆ ಕಚೇರಿಯ ಸಭಾಂಗಣದಲ್ಲಿ, ದೊಡ್ಡ ಸಾಹೇಬರ ಕೈಯಿಂದ ‘ನಿಖರತೆಗಾಗಿ ಪ್ರಶಂಸಾಪತ್ರ’ ಪಡೆಯುವವರಿದ್ದರು. ಅಂಥ ದಿನವೇ ಬೆಳಿಗ್ಗೆ ಹೆಂಡತಿ, “ಬಟ್ಟೆ ಒಣಗಿಸೋ ಮೆಷಿನ್ ತಗೊಳ್ಳೋಣ್ವಾ?” ಎಂದು ಕೇಳಿಬಿಡಬೇಕೆ!

“ತಗೊಳ್ಳೋಣ. ಆದ್ರೆ ಅಳೆದು ತೂಗಿ ತಗೊಳ್ಳೋಣ! ತಾರಸಿ ಹಗ್ಗ, ಫ್ಯಾನ್ ಕೆಳಗಿನ ಸ್ಟ್ಯಾಂಡ್, ಮೆಷಿನ್. ಯಾವುದಕ್ಕೆ ಎಷ್ಟು ಹೊತ್ತು, ಎಷ್ಟು ಕರೆಂಟು? ಹನ್ನೊಂದಕ್ಕೆ ಫಲಿತಾಂಶ!”

ಪರೀಕ್ಷೆಗೆ ಒಂದೇ ಅಳತೆಯ, ಒಂದೇ ಬಟ್ಟೆಯ ಮೂರು ಉಡುಪು ಬೇಕಲ್ಲ? ಮನೆಯಲ್ಲಿ ಹಾಗಿದ್ದವು ಸಾಹೇಬರ ಮೂರು ಖಾಕಿ ಪ್ಯಾಂಟುಗಳು ಮಾತ್ರ. ಮೂರೂ ಬಕೆಟ್ಟಿಗೆ ಇಳಿದವು.

“ಅಯ್ಯೋ, ಒಂದನ್ನಾದ್ರೂ ಬೀರುನಲ್ಲಿ ಬಿಡ್ರೀ! ಯೂನಿಫಾರ್ಮ್ ಇಲ್ದೆ ವೇದಿಕೆ ಹತ್ತಿಸ್ತಾರಾ?”

“ಎರಡು ಪ್ಯಾಂಟಲ್ಲಿ ಮೂರು ಪರೀಕ್ಷೆ ಮಾಡೋಕಾಗುತ್ತಾ? ಹನ್ನೊಂದಕ್ಕೆ ಮೂರೂ ಗರಿಗರಿ. ನೋಡ್ತಿರು!”

ಎಂಟಕ್ಕೆ ಸರಿಯಾಗಿ ಪರೀಕ್ಷೆ ಶುರುವಾಯಿತು. ಒಂದು ಪ್ಯಾಂಟು ತಾರಸಿಗೆ, ಒಂದು ನಡುಮನೆಯ ಫ್ಯಾನಿನಡಿಗೆ, ಇನ್ನೊಂದು ಮೇಲಿನ ಮನೆಯ ನರ್ಸಕ್ಕನ ಮೆಷಿನ್ನಿಗೆ ಹೋಯಿತು. ಕಾಲು ಗಂಟೆಗೊಮ್ಮೆ ಮೂರನ್ನೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಎಷ್ಟು ನೀರು ಹೋಯಿತೆಂದು ನೋಟ್‌ಬುಕ್ಕಿನಲ್ಲಿ ಬರೆಯುವುದು. ಸಾಹೇಬರ ಕುತೂಹಲವೋ, ಕೆರೆದಷ್ಟೂ ಹೆಚ್ಚುವ ತುರಿಕೆ! ಒಂಬತ್ತರ ಹೊತ್ತಿಗೆ ಕಾಲು ಗಂಟೆ ಹೋಗಿ ಐದು ನಿಮಿಷಕ್ಕೆ ಬಂದು ನಿಂತಿತು.

ತಾರಸಿಯ ಪ್ಯಾಂಟು ಬಿಸಿಲಿಗಿಂತ ಹೆಚ್ಚು ಹೊತ್ತು ಮೆಟ್ಟಿಲ ಮೇಲೇ ಕಳೆಯಿತು. ಗಾಳಿಗೆ ತಕ್ಕಡಿಯ ಅಂಕಿ ಕುಣಿಯುತ್ತದೆಂದು ಸಾಹೇಬರು ತೂಗುವಾಗ ನಡುಮನೆಯ ಫ್ಯಾನನ್ನು ಆರಿಸಿದರು, ಮತ್ತೆ ಹಾಕಲು ಮರೆತರು. ಮೆಷಿನ್ನಿನ ಬಾಗಿಲನ್ನಂತೂ ಎಷ್ಟು ಸಲ ತೆಗೆದರೆಂದರೆ, ನರ್ಸಕ್ಕನ ಸಹನೆ ಮುಗಿದುಹೋಯಿತು.

“ರೀ ಅಣ್ಣ, ಐಸಿಯು ಪೇಷಂಟನ್ನೂ ಯಾರೂ ಹೀಗೆ ಬಂದು ನೋಡಲ್ಲ! ನಡೀರಿ ಆಚೆ!” ಎಂದವರೇ ಮೆಷಿನ್ನಿನ ಶಾಖವನ್ನು ತುತ್ತತುದಿಗೆ ಏರಿಸಿಬಿಟ್ಟರು.

ಹನ್ನೊಂದು ಹೊಡೆಯಿತು. ಫ್ಯಾನಿನಡಿಯ ಪ್ಯಾಂಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮೆಷಿನ್ನಿನದು ಗರಿಗರಿಯಾಗಿ ಒಣಗಿತ್ತು, ಆದರೆ ಉದ್ದ ಮೊಣಕಾಲಿಗೇ ಮುಗಿದಿತ್ತು! ಉಳಿದದ್ದು ತಾರಸಿಯದು. ತೂಗಿದರೆ, ಇನ್ನೂ ಇನ್ನೂರು ಗ್ರಾಂ ನೀರು.

“ತನ್ನಿ, ಇಸ್ತ್ರಿ ಹಾಕಿಕೊಡ್ತೀನಿ.”

“ಬೇಡ! ಅದು ನಾಲ್ಕನೇ ವಿಧಾನ ಆಗುತ್ತೆ. ಲೆಕ್ಕ ಕೆಡುತ್ತೆ.”

“ಮಾಡಿದ್ದುಣ್ಣೋ ಮಹರಾಯ,” ಎಂದು ಹೆಂಡತಿ ಕೈಚೆಲ್ಲಿದಳು. ಇನ್ನೂರು ಗ್ರಾಂ ನೀರನ್ನು ಉಟ್ಟುಕೊಂಡು ಸಾಹೇಬರು ಹೊರಟರು.

ಸಭಾಂಗಣದಲ್ಲಿ ಮೊದಲ ಸಾಲಿನ ಮೆತ್ತನೆಯ ಕುರ್ಚಿ ಅವರಿಗೆ. ಹೆಸರು ಕರೆದಾಗ ಎದ್ದರು. ಕುರ್ಚಿಯ ಮೇಲೆ ಅವರ ಆಕಾರ ಒದ್ದೆಯಾಗಿ, ಎಳ್ಳಷ್ಟೂ ತಪ್ಪಿಲ್ಲದೆ ಮೂಡಿತ್ತು! ದೊಡ್ಡ ಸಾಹೇಬರು ಕುರ್ಚಿ ನೋಡಿದರು, ಪ್ಯಾಂಟು ನೋಡಿದರು, ಪ್ರಶಂಸಾಪತ್ರವನ್ನು ತುದಿಬೆರಳಲ್ಲಿ ಹಿಡಿದು ಕೊಟ್ಟರು. “ಅಷ್ಟೊಂದು ಹೆದರಿಕೆ ಯಾಕ್ರೀ?” ಎಂದು ಮೆಲ್ಲಗೆ ಕೇಳಿದರು. ಮೈಕು ಹತ್ತಿರವೇ ಇತ್ತು. ಸಭೆ ಬಿದ್ದು ಬಿದ್ದು ನಕ್ಕಿತು.

ಮಾನ ಹೋದರೂ ಕುತೂಹಲ ಹೋಗಲಿಲ್ಲ. ಮನೆಗೆ ಬಂದವರೇ ನೋಟ್‌ಬುಕ್ ಬಿಚ್ಚಿ, “ಮೈಮೇಲೆ ಒಣಗಿಸುವುದು: ಎರಡು ಗಂಟೆ, ಖರ್ಚು ಸೊನ್ನೆ” ಎಂದು ಬರೆಯುತ್ತ ಮೂರು ಸಲ ಸೀನಿದರು. ತಲೆಯೆತ್ತಿದರೆ, ಹೆಂಡತಿ ದಪ್ಪ ಬೆಡ್‌ಶೀಟೊಂದನ್ನು ಮಡಿಸುತ್ತಿದ್ದಳು.

“ಇದು ಯಾವಾಗ ಒಗೆದದ್ದು?”

“ಬೆಳಿಗ್ಗೇನೇ. ನಿಮ್ಮ ಪ್ಯಾಂಟಿನ ಪಕ್ಕದಲ್ಲೇ ಇತ್ತಲ್ಲ, ಅದೇ ಹಗ್ಗದ ಮೇಲೆ. ಹನ್ನೊಂದಕ್ಕೇ ಒಣಗಿತ್ತು.”

ಸಾಹೇಬರ ಪೆನ್ನು ಚಂಗನೆ ಮೇಲೆದ್ದಿತು. “ಅದೇ ಹಗ್ಗ, ಅದೇ ಬಿಸಿಲು! ಹೇಗೆ? ಏನು ಮಾಡ್ದೆ? ಯಾವ ವಿಧಾನ?”

“ಏನೂ ಮಾಡ್ಲಿಲ್ಲ ಕಣ್ರೀ,” ಎಂದಳು ಹೆಂಡತಿ, ಕೊನೆಯ ಮಡಿಕೆ ಹಾಕುತ್ತ. “ಒಣಗೋಕೆ ಬಿಟ್ಟೆ.”