ಮುತ್ತುಕುಮಾರ ಕೂತ ಧರಣಿ

ಬಾಲಮುರುಗನ್‌ಗೆ ಆ ದಿನ ಬೇಕಾಗಿದ್ದದ್ದು ಒಂದೇ ಒಂದು ಹಾಜರಿ. ಅದು ಬಿದ್ದರೆ ಪರೀಕ್ಷೆಗೆ ಕೂರಬಹುದು. ಬೀಳದಿದ್ದರೆ ಬೋಡಿಯಲ್ಲಿ ಮಾವ ಅಯ್ಯನಾರ್ ಅವರ ಏಲಕ್ಕಿ ಮಂಡಿಯಲ್ಲಿ ಕೂತು ದಪ್ಪ ಕಾಯಿ ಒಂದು ಕಡೆ, ಸಣ್ಣ ಕಾಯಿ ಒಂದು ಕಡೆ ಆರಿಸಬೇಕು. ಅಪ್ಪ ಚಿನ್ನತಂಬಿ ಹಾಗಂತ ಹೇಳಿ ಮೂರು ತಿಂಗಳಾಗಿತ್ತು. ಚಿನ್ನತಂಬಿ ಯಾವುದನ್ನೂ ಎರಡನೇ ಸಲ ಹೇಳುವವರಲ್ಲ.

ಹಾಜರಿ ಇಷ್ಟು ಕೆಟ್ಟದ್ದಕ್ಕೆ ಕಾರಣ ಬಸ್ಸು. ತಮಿಳು ಸೀಮೆಯ ಚಿನ್ನಮನೂರಿನಿಂದ ಬೋಡಿಗೆ ಹೋಗುವ ಬಸ್ಸುಗಳು ನಡುದಾರಿಯ ಕಾಲೇಜಿನ ಗೇಟಿನಲ್ಲಿ ನಿಲ್ಲುತ್ತಿರಲಿಲ್ಲ. ಮನಸ್ಸು ಬಂದರೆ ಡ್ರೈವರ್ ಒಂಚೂರು ನಿಧಾನ ಮಾಡುತ್ತಿದ್ದ, ಚುರುಕಾದವರು ಧುಮುಕುತ್ತಿದ್ದರು. ನಮ್ಮ ಬಾಲಮುರುಗನ್ ಚುರುಕಾದವನೆಂದು ಅವನ ಹೆತ್ತ ತಾಯಿ ಕೂಡ ಹೇಳಿರಲಿಲ್ಲ. ಕಿಟಕಿ ಪಕ್ಕ ಕೂತನೆಂದರೆ ಮುಗಿಯಿತು. ದ್ರಾಕ್ಷಿ ಚಪ್ಪರ, ಬಾಳೆತೋಟ, ಅದರಾಚೆ ಮಂಜು ಹೊದ್ದ ಬೆಟ್ಟ. ಆ ಮಂಜಿನೊಳಗೆ ಒಂದು ಊರಿದೆ, ಅಲ್ಲಿ ಯಾರೂ ಹಾಜರಿ ಕೂಗುವುದಿಲ್ಲ ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿತ್ತು.

ಆವತ್ತು ಬೆಳಿಗ್ಗೆ ಪಕ್ಕದ ಸೀಟಿನಲ್ಲಿ ಪೊನ್ನುತಾಯಿ ಅತ್ತೆ ಕೂತಳು. ಪಕ್ಕದ ಮನೆಯವಳು, ಅವಳ ಮಗ ಮುತ್ತುಕುಮಾರ ಇವನದೇ ಕ್ಲಾಸು.

"ಲೋ ಬಾಲಾ, ಬಸ್ಸು ನಿಲ್ಲುಸ್ಬೇಕು ಅಂತ ನಿಮ್ ಕಾಲೇಜು ಐಕ್ಳು ಇವತ್ತು ರೋಡ್ನಾಗೆ ಕೂರ್ತಾರಂತೆ. ನೀ ಅತ್ತ ತಲೆ ಹಾಕ್ಬ್ಯಾಡ. ನಿಮ್ಮಪ್ಪನ್ಗೆ ಗೊತ್ತಾದ್ರೆ ಕಾಲು ಮುರೀತಾನೆ!"

"ನಾ ಯಾಕತ್ತೆ ಹೋಗ್ಲಿ? ನನ್ಗೆ ಕ್ಲಾಸೈತೆ."

"ನಮ್ ಮುತ್ತುಕುಮಾರ ನೋಡು, ಆರು ಗಂಟೆಗೇ ಎದ್ದು ಕಾಲೇಜ್ಗೆ ಹೊಂಟೋದ. ಪಾವಂ, ಓದೀ ಓದೀ ಇಳ್ದೋಗವ್ನೆ."

ಮುತ್ತುಕುಮಾರ ಹೊರಟದ್ದು ಬೆಟ್ಟದ ಬುಡದ ಹಳ್ಳಕ್ಕೆ, ಈಜಲು. ಬಾಲಮುರುಗನ್‌ಗೆ ಅದು ಗೊತ್ತಿತ್ತು. ಆದರೆ ಅವನ ಮನಸ್ಸು ಆಗಲೇ ತನ್ನ ಕಾಲಿನ ಕಡೆ ಹೋಗಿತ್ತು. ಅಪ್ಪ ಯಾವ ಕಾಲು ಮುರಿಯಬಹುದು? ಎಡಗಾಲಾದರೆ ಪರವಾಗಿಲ್ಲ, ಕೋಲೂರಿಕೊಂಡು ಬೆಟ್ಟ ಹತ್ತಬಹುದು. ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ಕಾಲೇಜಿನ ಗೇಟು ಎರಡು ಮೈಲಿ ಹಿಂದೆ ಬಿದ್ದಿತ್ತು.

ಇಳಿದು ಬಿಸಿಲಲ್ಲಿ ನಡೆದು ವಾಪಸ್ಸು ಬಂದಾಗ ಒಂಬತ್ತೂವರೆ. ಗೇಟಿನ ಮುಂದೆ ರಸ್ತೆ ತುಂಬ ಹುಡುಗ ಹುಡುಗಿಯರು ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಇವನು ಬ್ಯಾಗು ತಲೆ ಮೇಲಿಟ್ಟುಕೊಂಡು ನಡುವೆ ನುಸುಳತೊಡಗಿದ.

"ಎಲ್ಲಿಗೆ?" ಎಂದು ತಮಿಳಿನಲ್ಲಿ ಗದರಿದವಳು ಸತ್ಯಾ, ಧರಣಿಯ ಮುಂದಾಳು. ಅವಳ ಗಂಟಲಿಗೆ ಮೈಕು ಬೇಕಾಗಿರಲಿಲ್ಲ.

"ಕ್ಲಾಸಿಗೆ. ನನಗೆ ಒಂದೇ ಒಂದು ಹಾಜರಿ..."

"ಖಾಲಿ ಬೆಂಚಿಗೆ ಯಾರು ಹಾಜರಿ ಕೂಗ್ತಾರೆ? ಬಸ್ಸು ನಿಲ್ಲದೆ ತಾನೆ ನಿನ್ನ ಹಾಜರಿ ಹೋದದ್ದು? ನಿನಗಿಂತ ಇಲ್ಲಿ ಕೂರಬೇಕಾದವರು ಯಾರಿದ್ದಾರೆ ಹೇಳು!"

ಅವಳು ಅವನ ಕೈಗೊಂದು ರಟ್ಟಿನ ಫಲಕ ತುರುಕಿದಳು. ಯಾರೋ ಮೊಬೈಲಿನಲ್ಲಿ ಫೋಟೋ ಹಿಡಿಯುವುದು ಕಂಡಿದ್ದೇ ತಡ, ಬಾಲಮುರುಗನ್ ಫಲಕವನ್ನು ಮುಖಕ್ಕೆ ಅಡ್ಡ ಹಿಡಿದು ಕೂತುಬಿಟ್ಟ.

ಫಲಕದ ಹಿಂದೆ ನೆರಳಿತ್ತು, ಚೆನ್ನಾಗಿತ್ತು. ತಡೆದು ನಿಂತ ಲಾರಿಯೊಂದರಿಂದ ಏಲಕ್ಕಿ ವಾಸನೆ ತೇಲಿ ಬಂತು. ಘೋಷಣೆಗಳು ಏರುತ್ತ ಇಳಿಯುತ್ತ ಜೋಗುಳದಂತಾದವು. ಮಂಜಿನೊಳಗಿಂದ ಒಂದು ಬಸ್ಸು ಇಳಿದು ಬಂದು, ದೇವಸ್ಥಾನದ ಆನೆಯ ಹಾಗೆ ಗೇಟಿನ ಮುಂದೆ ಮಂಡಿಯೂರಿತು. "ನಿಲ್ಲು!" ಎಂದು ಅವನು ನಿದ್ದೆಗಣ್ಣಿನಲ್ಲೇ ಕೂಗಿದ. ಇನ್ನೂರು ಗಂಟಲು "ನಿಲ್ಲು!" ಎಂದವು. ಬಾಲಮುರುಗನ್‌ಗೆ ಎಚ್ಚರವಾಯಿತು, ರೋಮಾಂಚನವೂ ಆಯಿತು. ತಾನು ಕೂಗಿದ್ದನ್ನು ಲೋಕ ತಿರುಗಿ ಕೂಗಿದ್ದು ಅವನ ಜನ್ಮದಲ್ಲಿ ಅದೇ ಮೊದಲು. ಆಮೇಲೆ ಪೊಲೀಸ್ ವ್ಯಾನು ಬರುವ ತನಕ ಅವನೇ ಕೂಗಿದ, ಉಳಿದವರು ತಿರುಗಿ ಹೇಳಿದರು.

ವ್ಯಾನಿನ ಬಾಗಿಲಲ್ಲಿ ಹೆಡ್ ಕಾನ್‌ಸ್ಟೆಬಲ್ ಚಿನ್ನತಾಯಿ ಲಿಸ್ಟು ಬರೆಯುತ್ತಿದ್ದರು. ತಮಿಳಿನಲ್ಲಿ ಹೆಸರು ಕೇಳಿದರು. ಬಾಲಮುರುಗನ್‌ಗೆ ಅಪ್ಪನ ಕೈ, ತನ್ನ ಎಡಗಾಲು ಎರಡೂ ಒಟ್ಟಿಗೆ ಕಣ್ಣಮುಂದೆ ಬಂದವು.

"ಮುತ್ತುಕುಮಾರ್," ಎಂದ.

ಆ ಕಡೆ ಧರಣಿ ಕೂತವರನ್ನು ಜೈಲಿಗೆ ಒಯ್ಯುವುದಿಲ್ಲ. ಕಲ್ಯಾಣಮಂಟಪದಲ್ಲಿ ಕೂಡಿಹಾಕಿ, ಚಿತ್ರಾನ್ನದ ಪೊಟ್ಟಣ ಕೊಟ್ಟು, ಸಂಜೆಗೆ ಬಿಟ್ಟುಬಿಡುತ್ತಾರೆ. ಹೋದ ವಾರದ ಮದುವೆಯ ಕಾಗದದ ಹೂವು ಇನ್ನೂ ತೂಗುತ್ತಿತ್ತು. ಬಾಲಮುರುಗನ್ ಊಟ ಮುಗಿಸಿ, ಕಂಬಕ್ಕೊರಗಿ, ಮುತ್ತುಕುಮಾರನಿಗೆ ಫೋನು ಹಚ್ಚಿದ. ದನಿ ತಗ್ಗಿಸಲಿಲ್ಲ. ಮನೆಯ ಕನ್ನಡ ಅವರ ಬೀದಿಯಾಚೆ ಯಾರಿಗೆ ತಿಳಿಯಬೇಕು? ಬಸ್ಸಿನಲ್ಲಿ, ಅಂಗಡಿಯಲ್ಲಿ ಗುಟ್ಟು ಮಾತೆಲ್ಲ ಗಟ್ಟಿಯಾಗಿ ಅದರಲ್ಲೇ ಆಡಿ ಅವರಿಗೆ ರೂಢಿ.

"ಲೋ ಮುತ್ತೂ, ಪೋಲೀಸ್ನೋರ್ಗೆ ನಿನ್ ಹೆಸ್ರು ಹೇಳಿವ್ನಿ ಕಣ್ಲಾ. ಇಲ್ಲೊಬ್ಳು ದಪ್ಪಮ್ಮ ಅವ್ಳೆ, ಒಂದೂ ತಿಳ್ಯಾಕಿಲ್ಲ. ಹೇಳಿದ್ದ್ ಹೇಳಿದಂಗೇ ಬರ್ಕೊಂಡ್ಳು."

"ದಪ್ಪಮ್ಮನ್ಗೆ ಎಲ್ಲಾ ತಿಳೀತು ಕಣಪ್ಪಾ," ಎಂದಿತು ಬೆನ್ನ ಹಿಂದಿನ ದನಿ.

ಫೋನು ಕೈಯಿಂದ ಜಾರಿತು. ಚಿನ್ನತಾಯಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. "ನಾನೂ ಕಂಬಂ ಊರ್ನ ಕಡೆಯವ್ಳೇ. ನಮ್ಮವ್ವ ನನ್ನ ಬೈತಿದ್ದುದೂ ಇದೇ ಮಾತ್ನಾಗೆ."

ಬಾಲಮುರುಗನ್ ಕಾಲಿಗೆ ಬಿದ್ದ. ಅಪ್ಪ, ಕಾಲು, ಏಲಕ್ಕಿ ಮಂಡಿ ಎಲ್ಲ ಒದರಿದ. ಚಿನ್ನತಾಯಿಯ ಮನಸ್ಸು ಕರಗಿತು.

"ಸರಿ ಬುಡು, ಅಳ್ಬ್ಯಾಡ. ಬರ್ದಿದ್ದು ಬರ್ದಂಗೇ ಇರ್ಲಿ. ನೀ ಇಲ್ಲಿಗೆ ಬರ್ಲೇ ಇಲ್ಲ, ಆಯ್ತಾ?"

ದೇವರಂಥ ಹೆಂಗಸು ಎಂದುಕೊಂಡು ಅವನು ಮತ್ತೆ ಕಂಬಕ್ಕೊರಗಿದ.

ನಾಲ್ಕು ಗಂಟೆಗೆ ಪ್ರಿನ್ಸಿಪಾಲರು ಬಂದರು. ನಾಳೆಯಿಂದ ಎಲ್ಲ ಬಸ್ಸೂ ಗೇಟಿನಲ್ಲಿ ನಿಲ್ಲುತ್ತದೆ. ಮಂಟಪದ ಚಾವಣಿ ಹಾರುವಂತೆ ಕೇಕೆ ಎದ್ದಿತು. ಇನ್ನೊಂದು ಮಾತು, ಎಂದು ಅವರು ಕೈಯೆತ್ತಿದರು. ಪೊಲೀಸರ ಲಿಸ್ಟಿನಲ್ಲಿ ಹೆಸರಿದ್ದವರಿಗೆಲ್ಲ ಈ ದಿನದ ಹಾಜರಿ ಉಂಟು. ಮಿಕ್ಕವರೆಲ್ಲ ಗೈರು.

ಬಾಲಮುರುಗನ್ ಓಡಿದ. "ಅಕ್ಕಾ, ನನ್ ಹೆಸ್ರು ಹಾಕ್ಬುಡಿ! ಕಾಲು ಬೇಕಾದ್ರೆ ಮುರೀಲಿ!"

"ಲಿಸ್ಟು ದೊಡ್ಡೋರ್ಗೆ ಕಳ್ಸಾಯ್ತು ತಂಬಿ. ಈಗ ಗೀಚಿದ್ರೆ ನನ್ ಕೆಲ್ಸಾನೇ ಹೋಯ್ತದೆ."

ಪ್ರಿನ್ಸಿಪಾಲರ ಹತ್ತಿರ ಓಡಿದ. ಅವರು ಲಿಸ್ಟಿನ ಮೇಲೆ ಬೆರಳಾಡಿಸಿದರು. "ಬಾಲಮುರುಗನ್ ಅಂತ ಯಾರೂ ಇಲ್ಲವಲ್ಲ? ಚಿತ್ರಾನ್ನಕ್ಕೆ ಬಂದೆಯೇನು?" ಸತ್ಯಾ ಸಾಕ್ಷಿ ಹೇಳಿದಳು. "ಬಾಯಿಮಾತು ನಂಬಿದರೆ ನಾಳೆ ಇಡೀ ಜಿಲ್ಲೆ ಇಲ್ಲೇ ಇತ್ತು ಅಂತೀರಿ," ಎಂದು ಅವರು ಹೊರಟೇಬಿಟ್ಟರು.

ಸಂಜೆ ಬೀದಿಗೆ ಬಂದರೆ ಅಲ್ಲೊಂದು ಜಾತ್ರೆ. ಲಿಸ್ಟೂ ಫೋಟೋವೂ ವಾಟ್ಸಾಪಿನಲ್ಲಿ ಇವನಿಗಿಂತ ಮೊದಲೇ ಊರು ತಲುಪಿದ್ದವು. ಮುತ್ತುಕುಮಾರ ಕೊರಳಲ್ಲಿ ಚೆಂಡುಹೂವಿನ ಹಾರ ಹಾಕಿಕೊಂಡು ನಿಂತಿದ್ದ, ಕೂದಲು ಇನ್ನೂ ಒದ್ದೆ. ಪೊನ್ನುತಾಯಿ ಆರತಿ ಎತ್ತುತ್ತಿದ್ದಳು.

"ಓದೋ ಐಕ್ಳಿಗೆಲ್ಲಾ ಬಸ್ಸು ನಿಲ್ಲಿ ಅಂತ ನನ್ ಮಗ ಬಿಸ್ಲಲ್ಲಿ ಬೆಂದವ್ನೆ!"

ಚಿನ್ನತಂಬಿ ಮೊಬೈಲನ್ನು ದೂರ ಹಿಡಿದು ಫೋಟೋ ನೋಡುತ್ತಿದ್ದರು. ಫಲಕ, ಅದನ್ನು ಹಿಡಿದ ಎರಡು ಕೈ, ಅಷ್ಟೇ. ಆ ಕೈ ಮುತ್ತುಕುಮಾರನದೆಂದು ಬೀದಿಯೇ ತೀರ್ಮಾನಿಸಿತ್ತು.

"ನೋಡ್ಲಾ ಬಾಲಾ, ಹೆಂಗ್ ನೆಟ್ಗೆ ಇಡ್ಕಂಡವ್ನೆ," ಎಂದರು. ದನಿ ಯಾಕೋ ಮೆತ್ತಗಿತ್ತು. "ನಾನೂ ಓದೋವಾಗ ರೋಡ್ನಾಗೆ ಕೂತೋನೇ ಕಣ್ಲಾ, ಹಾಸ್ಟೆಲ್ ಬೇಕು ಅಂತ. ಮೂರ್ ದಿನ. ನನ್ ಮಗಾನೂ ಒಂದಿನ ಕೂರ್ತಾನೆ ಅಂದ್ಕಂಡಿದ್ದೆ."

ಬಾಲಮುರುಗನ್ ಎರಡೂ ಕೈ ಮುಂದೆ ಚಾಚಿದ. "ಅಪ್ಪಾ... ಅದು ನಾನು. ಆ ಕೈ ನಂದು."

ಚಿನ್ನತಂಬಿ ಫೋಟೋ ನೋಡಿದರು, ಮಗನನ್ನು ನೋಡಿದರು. ಬೀದಿಯೂ ನೋಡಿತು. ಮುತ್ತುಕುಮಾರ ಹಾರದ ಹೂವೊಂದನ್ನು ಕಿತ್ತು ಎಸಳು ಎಣಿಸುತ್ತ ನಿಂತ.

"ಬಸ್ನಾಗೆ ಕಂಡ ಕನಸಾ?" ಎಂದರು ಚಿನ್ನತಂಬಿ. ಬೀದಿಯೆಲ್ಲ ನಕ್ಕಿತು. "ಹಾಜ್ರಿ ಬಿತ್ತಾ?"

"ಇಲ್ಲಪ್ಪಾ."

ಅವರು ಎರಡನೇ ಸಲ ಏನೂ ಹೇಳಲಿಲ್ಲ.

ಮಾರನೇ ಬೆಳಿಗ್ಗೆ ಬಾಲಮುರುಗನ್ ಕಿಟಕಿ ಪಕ್ಕ ಕೂತಿದ್ದ. ದ್ರಾಕ್ಷಿ ಚಪ್ಪರ, ಬಾಳೆತೋಟ, ಮಂಜು ಎಲ್ಲ ಇದ್ದವು. ಅವನು ಮಾತ್ರ ಕನಸು ಕಾಣಲಿಲ್ಲ. ಕಾಲೇಜಿನ ಗೇಟು ಬಂತು. ಬಸ್ಸು ನಿಧಾನವಾಯಿತು, ಇನ್ನೂ ನಿಧಾನವಾಯಿತು, ಪೂರ್ತಿ ನಿಂತಿತು. ಮುತ್ತುಕುಮಾರ ಮೆಟ್ಟಿಲಿಳಿದ. ಗೇಟಿನಲ್ಲಿದ್ದವರು ಬಸ್ಸಿಗೆ ಚಪ್ಪಾಳೆ ತಟ್ಟಿದರು.

"ಇಳಿ ತಂಬಿ, ಕಾಲೇಜು!" ಎಂದ ಕಂಡಕ್ಟರ್.

"ನನ್ನದು ಬೋಡಿ. ಏಲಕ್ಕಿ ಮಂಡಿ."

"ಹಾಗಾದರೆ ಯಾಕಪ್ಪಾ ಎದ್ದು ನಿಂತೆ? ಕೂತ್ಕೊ."