ಎಂಪಿತ್ರೀಗೆ ಹಚ್ಚಿದ ಗಂಧ

ನನ್ನ ಸೋದರಮಾವನ ಕಿವಿಗಳನ್ನು ಬರಿದಾಗಿ ಕಂಡವರು ಇಡೀ ಚಾಮರಾಜಪೇಟೆಯಲ್ಲಿ ಇಬ್ಬರೇ. ಒಬ್ಬರು ಅವರನ್ನು ಹೆತ್ತ ನನ್ನ ಅಜ್ಜಿ, ಇನ್ನೊಬ್ಬ ಅವರ ಕ್ಷೌರಿಕ. ಉಳಿದ ನಮಗೆಲ್ಲ ಅವರು ಇಯರ್‌ಫೋನಿನ ವೈರಿನ ಸಮೇತವೇ ಹುಟ್ಟಿದವರು. ಹೆಸರು ಹೇಳುವುದಿಲ್ಲ. ಹೇಳಿದರೆ ಅವರಿಗಂತೂ ಕೇಳಿಸದು, ಅತ್ತೆಗೆ ಕೇಳಿಸಿಬಿಡುತ್ತದೆ!

ಮೊದಲು ಬಂದದ್ದು ವಾಕ್‌ಮನ್. ನಾನಾಗ ಹೈಸ್ಕೂಲಿನಲ್ಲಿದ್ದೆ. ಬಸವನಗುಡಿಯ ಒಂದು ಮದುವೆಯಲ್ಲಿ ಮಾವ ಅದನ್ನು ಜುಬ್ಬದೊಳಗೆ ಬಚ್ಚಿಟ್ಟುಕೊಂಡೇ ಪಂಕ್ತಿಗೆ ಕೂತರು. ಒಳಗೆ ಮೃದಂಗ ನಡೆದಿತ್ತೇನೋ, ತಲೆ ತೂಗುತ್ತಿತ್ತು. ಹೋಳಿಗೆ ಬಡಿಸುವವನು ಬಂದು ಇನ್ನೊಂದು ಹಾಕಲೇ ಎಂದು ಕೇಳಿದ. ತಲೆ ತೂಗಿತು. ಬಿತ್ತು ಹೋಳಿಗೆ. ಇಷ್ಟು ರಸಿಕರು ಸಿಕ್ಕರೆ ಯಾವ ಅಡುಗೆಯವನು ಬಿಡುತ್ತಾನೆ ಹೇಳಿ? ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿಯುವಷ್ಟರಲ್ಲಿ ಎಲೆಯ ಮೇಲೆ ಹನ್ನೊಂದು! ಎಲೆಯಲ್ಲಿ ಏನನ್ನೂ ಬಿಡಬಾರದೆಂಬ ನಿಯಮ ಬೇರೆ. ತಿಂದರು. ಮರುದಿನ ಆಫೀಸಿಗೆ ರಜೆ.

ಆಮೇಲೆ ತಟ್ಟೆಯಷ್ಟಗಲದ ಸಿಡಿ ಪ್ಲೇಯರ್ ಬಂತು. ಅದರ ಸ್ವಭಾವ ನಮ್ಮ ಮನೆಯ ಹೊಸ ಅಳಿಯಂದಿರದ್ದು. ಸ್ವಲ್ಪ ಅಲುಗಾಡಿದರೂ ಮುನಿಸು, ಹಾಡು ಬಂದ್. ಹಾಗಾಗಿ ಮಾವ ತುಂಬಿದ ಕೊಡ ಹೊತ್ತವರಂತೆ ಹೆಜ್ಜೆ ಇಡತೊಡಗಿದರು. ಆ ನಡಿಗೆ ಕಂಡ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಅವರನ್ನು ಮರೆಗೆ ಕರೆದು, ಮೂಲವ್ಯಾಧಿಗೆ ಸುವರ್ಣಗೆಡ್ಡೆಯೇ ಮದ್ದು ಎಂದು ಉಪದೇಶಿಸಿ, ಒಂದು ಗೆಡ್ಡೆಯನ್ನೂ ಕೈಗಿತ್ತರು. ಒಂದು ದಿನ ನಾವಿಬ್ಬರೂ ಆಟೋ ಹತ್ತಿದೆವು.

"ಗುಂಡಿ ಇಲ್ದಿರೋ ರೋಡಲ್ಲಿ ಹೋಗಪ್ಪ," ಎಂದರು ಮಾವ.

"ಹಂಗಾದ್ರೆ ಊರು ಬಿಟ್ಟೇ ಹೋಗ್ಬೇಕು ಸಾರ್. ಡಬಲ್ ಚಾರ್ಜ್ ಆಗುತ್ತೆ."

ಕೊನೆಗೆ ಸುಣ್ಣದ ಡಬ್ಬಿಯಷ್ಟು ಪುಟ್ಟ ಎಂಪಿತ್ರೀ ಪ್ಲೇಯರ್ ಬಂತು. ಕ್ಯಾಸೆಟ್ಟಿಲ್ಲ, ತಟ್ಟೆಯಿಲ್ಲ, ಕುಲುಕಿದರೂ ನಿಲ್ಲುವುದಿಲ್ಲ. ಮಾವ ಮೊದಲ ದಿನ ಮೆಟ್ಟಿಲ ಮೇಲೆ ಹತ್ತು ಸಲ ಕುಣಿದು ಪರೀಕ್ಷೆ ಮಾಡಿದರು. ಅದರ ಪಕ್ಕದಲ್ಲಿ ಒಂದು ಕೆಂಪು ಗುಂಡಿ. ಒತ್ತಿದರೆ ಸುತ್ತಲಿನ ಮಾತು ರೆಕಾರ್ಡ್ ಆಗುತ್ತಿತ್ತು.

ಇಲ್ಲಿ ನನ್ನದೊಂದು ಪ್ರತಾಪ ಹೇಳಬೇಕು. ನನಗೆ ಮಿಮಿಕ್ರಿ ಹುಚ್ಚು. ಅತ್ತೆಯ ಧ್ವನಿ ನನ್ನ ಮಾಸ್ಟರ್ ಪೀಸ್. ಒಮ್ಮೆ ಬಾಗಿಲ ಹಿಂದೆ ನಿಂತು, ಹಾಲಿಗೆ ನೀರು ಬೆರೆಸಿದ್ದಕ್ಕೆ ಹಾಲಿನವನನ್ನು ಅತ್ತೆಯ ಗಂಟಲಲ್ಲಿ ಬೈದೆ. ಅವನು ಹೆದರಿ ಅರ್ಧ ಲೀಟರ್ ಜಾಸ್ತಿ ಹಾಕಿ ಹೋದ. ಹಿಂದಿನಿಂದ ಬಂದ ಅಸಲಿ ಅತ್ತೆ ಕಿವಿ ಹಿಂಡಿದಾಗ ನಾನು ಕೂಗಿದ್ದು ಮಾತ್ರ ಸ್ವಂತ ಧ್ವನಿಯಲ್ಲಿ.

ಎಂಪಿತ್ರೀ ಬಂದ ವರ್ಷವೇ ಅತ್ತೆಯ ಕತ್ತಿನಲ್ಲಿ ಒಂದು ಗಂಟು ಕಾಣಿಸಿತು. ಕೆಟ್ಟದ್ದೇನಲ್ಲ, ಆದರೆ ತೆಗೆಯಲೇಬೇಕು ಎಂದರು ಡಾಕ್ಟರು. ಧ್ವನಿಯ ನರ ಅಲ್ಲೇ ಪಕ್ಕದಲ್ಲಿದೆ, ಅಪರೂಪಕ್ಕೆ ಧ್ವನಿ ಹೋಗುವುದೂ ಉಂಟು ಎಂದೂ ಸೇರಿಸಿದರು. ಗೊಂಬೆ ಕೂರಿಸಿ ದಸರಾ ಮುಗಿಸದೆ ಆಸ್ಪತ್ರೆಗೆ ಕಾಲಿಡುವುದಿಲ್ಲ ಎಂದು ಅತ್ತೆ ಹಟ ಹಿಡಿದರು. ವಿಜಯದಶಮಿಯ ಮರುದಿನ ಆಪರೇಷನ್ ಎಂದಾಯಿತು.

ಆಯುಧಪೂಜೆ ಬಂತು. ಮಾವ ಈಳಿಗೆಮಣೆ, ಸ್ಕೂಟರಿನ ಸ್ಪ್ಯಾನರು, ಮಿಕ್ಸಿಗಳ ಸಾಲಿನಲ್ಲಿ ಎಂಪಿತ್ರೀಯನ್ನೂ ಕೂರಿಸಿದರು. ಮಿಕ್ಸಿಗಿಂತ ಅದಕ್ಕೇ ಭಕ್ತಿ ಹೆಚ್ಚು! ಆಗತಾನೇ ತೇಯ್ದ ಗಂಧವನ್ನು ಧಾರಾಳವಾಗಿ ಬಳಿದು, ಕುಂಕುಮ ಇಟ್ಟು, ಆರತಿ ಎತ್ತಿದರು. ಗಂಧ ಇಯರ್‌ಫೋನಿನ ತೂತಿನಲ್ಲಿ ಇಳಿಯಿತು. ಮಂಗಳಾರತಿ ಮುಗಿಯುವ ಹೊತ್ತಿಗೆ ಎಂಪಿತ್ರೀಗೂ ಮಂಗಳಾರತಿ. ಕಂಪ್ಯೂಟರಿಗೆ ಸಿಕ್ಕಿಸಿದರೂ ಮಿಸುಕಲಿಲ್ಲ.

ಮಾವ ಬೆವರುತ್ತಿದ್ದರು. ಹಾಡು ಹೋದರೆ ಮತ್ತೆ ತುಂಬಿಕೊಡುತ್ತೇನೆ ಎಂದೆ.

"ಹಾಡಿಲ್ಲ ಕಣೋ ಅದರಲ್ಲಿ. ಎಲ್ಲಾ ಅಳಿಸ್ಬಿಟ್ಟೆ. ಪೂರ್ತಿ ನಿಮ್ಮತ್ತೇನೇ ಇರೋದು."

ಒಂದು ತಿಂಗಳಿಂದ ಜೇಬಿನಲ್ಲಿಟ್ಟುಕೊಂಡು ಕದ್ದು ರೆಕಾರ್ಡ್ ಮಾಡಿದ್ದರಂತೆ. ಹೂವಿನವಳ ಮೊಳ ಗಿಡ್ಡ ಎಂದು ಜಗಳ ಆಡಿದ್ದು, ಕಾಫಿ ಆರಿಹೋಯಿತು ಎಂದು ಕೂಗಿದ್ದು, ಮಾವನ ಮೂರು ತಲೆಮಾರನ್ನು ಜಾಲಾಡಿದ್ದು. ನಾನು ಮಹಾ ಜಾಣ. ಚಿಂತೆ ಬೇಡ ಮಾವ, ಅತ್ತೆಯ ಧ್ವನಿಯಲ್ಲಿ ನಾನೇ ಬೈದು ರೆಕಾರ್ಡ್ ಮಾಡಿಕೊಡುತ್ತೇನೆ ಎಂದುಬಿಟ್ಟೆ. ಮಾವ ನನ್ನ ಮುಖ ನೋಡಿ, ಎಂಪಿತ್ರೀಯನ್ನು ಪಂಚೆಯ ತುದಿಯಿಂದ ಒರೆಸತೊಡಗಿದರು. ಬೈದಿದ್ದರೆ ಚೆನ್ನಾಗಿತ್ತು.

ಬಳೇಪೇಟೆಯ ಹತ್ತಿರದ ರಿಪೇರಿ ಅಂಗಡಿಗೆ ಓಡಿದೆವು. ಅಂಗಡಿಯೇನೋ ತೆರೆದಿತ್ತು. ಆದರೆ ಸ್ಕ್ರೂಡ್ರೈವರುಗಳೆಲ್ಲ ದೇವರ ಪಟದ ಮುಂದೆ ಕುಂಕುಮ ಹಚ್ಚಿಕೊಂಡು ಕೂತಿದ್ದವು.

"ಪೂಜೆಗಿಟ್ಟಿದೀನಿ ಸಾರ್, ಮುಟ್ಟಂಗಿಲ್ಲ. ದಸರಾ ಕಳೀಲಿ, ನೋಡೋಣ," ಎಂದ ಅವನು, ಕೈಗೆ ಕಡಲೆಪುರಿ ಕೊಡುತ್ತ. ತನ್ನ ಮನೆಯಲ್ಲೂ ಅದೇ ಪೂಜೆ ಮಾಡಿ ಬಂದ ಮಾವ ಯಾವ ಬಾಯಲ್ಲಿ ವಾದಿಸಬೇಕು? ಪ್ಲೇಯರನ್ನು ಅಲ್ಲೇ ಬಿಟ್ಟು, ಪುರಿ ತಿನ್ನುತ್ತ ವಾಪಸು ಬಂದೆವು.

ಬೇರೆ ಯಾರದಾದರೂ ತಂದು ಹೊಸದಾಗಿ ರೆಕಾರ್ಡ್ ಮಾಡೋಣವೆಂದರೆ, ಅತ್ತೆ ಅಷ್ಟರಲ್ಲಿ ಬೈಯುವುದನ್ನೇ ನಿಲ್ಲಿಸಿದ್ದರು. ಅವರಿಗೂ ಒಳಗೊಳಗೇ ಭಯ. ವಿಜಯದಶಮಿಯ ದಿನ ಮಾವ ಬೇಕೆಂದೇ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದರು. ಬೇರೆ ದಿನವಾಗಿದ್ದರೆ ಬೀದಿಯ ಕೊನೆಗೆ ಕೇಳಿಸುವಂಥ ಅಪರಾಧ ಅದು. ಅತ್ತೆ ಸುಮ್ಮನೆ ತೆಗೆದು ಹರವಿದರು. ಮಾವ ಚಪ್ಪಲಿ ಕಾಲಲ್ಲೇ ಅಡುಗೆಮನೆಗೆ ಹೋಗಿ ನಿಂತರು. ಅತ್ತೆ ಅವರ ಕಾಲನ್ನೊಮ್ಮೆ ನೋಡಿ, ನೆಲ ಒರೆಸುವ ಬಟ್ಟೆ ಹುಡುಕಿದರು.

ಆಪರೇಷನ್ ಆಯಿತು. ಮರುದಿನ ಬೆಳಿಗ್ಗೆ ಡಾಕ್ಟರು ಬಂದು, "ಏನಾದ್ರೂ ಮಾತಾಡಿ ಅಮ್ಮ," ಎಂದರು. ಮೂವತ್ತು ವರ್ಷ ಆಹ್ವಾನವಿಲ್ಲದೆ ಮಾತಾಡಿದ ಅತ್ತೆಗೆ, ಕರೆದು ಕೇಳಿದಾಗ ವಿಷಯವೇ ಹೊಳೆಯಲಿಲ್ಲ. ಮಾವ ಮಂಚದ ಸರಳು ಹಿಡಿದು ನಿಂತಿದ್ದರು.

ಅತ್ತೆ ಮಾವನ ಕಡೆ ತಿರುಗಿದರು.

"ತಿಂಡಿ ಆಯ್ತೇನ್ರೀ?"

ಸ್ವಲ್ಪ ಗೊಗ್ಗರು. ಆದರೆ ಅದೇ ಧ್ವನಿ. ಡಾಕ್ಟರು ನಕ್ಕು ಮುಂದಿನ ಮಂಚಕ್ಕೆ ಹೋದರು. ಮಾವ ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು ಕೂತರು.

"ಕೇಳಿಸ್ಲಿಲ್ವಾ?" ಎಂದರು ಅತ್ತೆ.

"ಕೇಳಿಸ್ತು ಕಣೇ," ಎಂದರು ಮಾವ. "ಇನ್ನೊಂದ್ಸಲ ಹೇಳು."